ಜಾವಗಲ್ ರಸ್ತೆಯಲ್ಲಿ ಕೀಲಿ ಕೊಟ್ಟ ದಿನ

ಕೊಬ್ಬರಿ ವ್ಯಾಪಾರಕ್ಕೆಂದು ಅರಸೀಕೆರೆಯಿಂದ ಬೇಲೂರಿನವರೆಗೆ ಇಪ್ಪತ್ತೆಂಟು ವರ್ಷ ಕಾರು ಓಡಿಸಿದ್ದೇನೆ. ರಸ್ತೆ ಈಗ ಚೆನ್ನಾಗಿದೆ. ಗುಂಡಿಗಳು ಮುಚ್ಚಿವೆ, ತಿರುವುಗಳು ಅಗಲವಾಗಿವೆ. ಆದರೆ ಹಳ್ಳಿಗಳ ಹತ್ತಿರದ ಹಂಪುಗಳಿಗೆ ಬಣ್ಣವಿಲ್ಲ. ರೂಢಿ ಇದ್ದವರಿಗೆ ಮಾತ್ರ ಗೊತ್ತಾಗುತ್ತವೆ. ನನಗೆ ರೂಢಿ ಇತ್ತು. ಕೊನೆಯ ಎರಡು ವರ್ಷ ಆ ರೂಢಿಯ ಮೇಲೆಯೇ ಓಡಿಸಿದೆ. ಬಲಗಣ್ಣು ಮಂಜಾಗಿತ್ತು, ಎಡಗಣ್ಣೂ ಅದರ ಹಿಂದೆಯೇ ಹೊರಟಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಗೆಂಡೆಹಳ್ಳಿಯಲ್ಲಿರುವ ನನ್ನ ತಂಗಿಗೆ ಆಪರೇಷನ್ ಆಗಿತ್ತು. ನೋಡಿಬರಲು ನಾನೂ ಹೆಂಡತಿಯೂ ಬೆಳಿಗ್ಗೆಯೇ ಹೊರಟೆವು. ಜಾವಗಲ್ ದಾಟಿದ ಮೇಲೆ ರೈತರು ರಸ್ತೆಯ ಮೇಲೆ ಕೊಯ್ದ ಹುರುಳಿ ಗಿಡ ಹರಡಿದ್ದರು. ಗಾಡಿಗಳ ಚಕ್ರದಡಿ ಕಾಳು ಬಿಡಲಿ ಎಂದು ಹಾಗೆ ಹಾಕುತ್ತಾರೆ. ನನಗೆ ಕಂಡದ್ದು ಬರೀ ಕಂದು ಬಣ್ಣ.

"ರೀ, ಬ್ರೇಕ್!" ಎಂದು ಹೆಂಡತಿ ಕಿರುಚಿದಳು.

ತುಳಿದೆ. ಹುರುಳಿಯ ಮೇಲೆ ಕಾರು ಜಾರಿ, ಓರೆಯಾಗಿ ನಿಂತಿತು. ಬಂಪರಿಗೆ ಒಂದು ಮೊಳ ದೂರದಲ್ಲಿ ಮುದುಕಿಯೊಬ್ಬಳು ಪೊರಕೆ ಹಿಡಿದು ಬಗ್ಗಿದ್ದಳು. ಮೆಲ್ಲಗೆ ನೆಟ್ಟಗಾದಳು.

"ಕಣ್ ಕಾಣಾಕಿಲ್ವೇನಪ್ಪಾ ನಿಂಗೆ?"

ಇಳಿದು ಅವಳ ಮುಂದೆ ನಿಂತೆ. "ಇಲ್ಲ ತಾಯಿ, ಕಾಣಲ್ಲ," ಎಂದೆ.

ಅವಳು ಪೊರಕೆ ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿ, "ಹಂಗಾದ್ರೆ ಯಾಕಪ್ಪಾ ಓಡುಸ್ತೀಯ? ನಂಗೂ ಮನೇಲಿ ಜನ ಅವ್ರೆ," ಎಂದಳು.

ಕೀಲಿಯನ್ನು ಹೆಂಡತಿಗೆ ಕೊಟ್ಟೆ. ಅವಳಿಗೆ ಲೈಸೆನ್ಸ್ ಇತ್ತು, ಊರೊಳಗೆ ಬಿಟ್ಟರೆ ಓಡಿಸಿದವಳಲ್ಲ. ಸೀಟು ಮುಂದೆ ಎಳೆದುಕೊಂಡು ಕೂತಳು. ಲಾರಿಗಳು ಹಾರ್ನ್ ಹೊಡೆದುಕೊಂಡು ಮುಂದೆ ಹೋದವು. ಅವಳು ವೇಗ ಹೆಚ್ಚಿಸಲಿಲ್ಲ. ಹಳೇಬೀಡಿನ ಕೆರೆಯ ಹತ್ತಿರ ಕಾರು ಬದಿಗೆ ನಿಲ್ಲಿಸಿದಳು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿದ್ರಲ್ರೀ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಗಾಡಿ ಸ್ಟಾರ್ಟ್ ಮಾಡಿದಳು. ಬೇಲೂರು ದಾಟಿ ಗೆಂಡೆಹಳ್ಳಿಯವರೆಗೂ ಅವಳೇ ಓಡಿಸಿದಳು.

ಮರುವಾರ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಎಡಗಣ್ಣಿನ ಪೊರೆ ತೆಗೆದರು, ಅದು ಓದುವಷ್ಟು ತಿಳಿಯಾಯಿತು. ಬಲಗಣ್ಣಿನ ನರವೇ ಹೋಗಿದೆ, ಇನ್ನು ದೃಷ್ಟಿ ಬರುವುದಿಲ್ಲ ಎಂದರು. ಲೈಸೆನ್ಸಿನ ಅವಧಿ ಮುಗಿದಾಗ ನವೀಕರಣಕ್ಕೆ ನಾನು ಅರ್ಜಿ ಹಾಕಲಿಲ್ಲ.