ನಮ್ಮಕ್ಕ ಮಾಡಿದ ಮೋಸ

ನಮ್ಮಕ್ಕನನ್ನು ಅವಳ ಅತ್ತೆ ಮೊದಲಿನಿಂದಲೂ ಮೋಸಗಾರ್ತಿ ಎಂದೇ ಕರೆಯುತ್ತ ಬಂದಿದ್ದಾರೆ. ಹಾಲು ಉಕ್ಕಿದರೂ ಅದೇ ಮಾತು, ಹಪ್ಪಳ ಮೆತ್ತಗಾದರೂ ಅದೇ ಮಾತು. ಅದು ಅವಳ ಹುಟ್ಟುಗುಣವಂತೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಡೆದದ್ದು ಇಷ್ಟೇ. ನಾವು ಹಾನಗಲ್ಲಿನವರು, ಗದ್ದೆ ಸೀಮೆಯವರು, ಅನ್ನ ಉಂಡು ಬೆಳೆದವರು. ಅಕ್ಕನನ್ನು ನೋಡಲು ಬಂದವರು ಸವಣೂರಿನವರು. ಹುಡುಗಿ ಬಡಿದ ಜೋಳದ ರೊಟ್ಟಿ ಉಂಡ ಮೇಲೆಯೇ ಮುಂದಿನ ಮಾತು ಎನ್ನುವುದು ಅವರ ಮನೆಯ ರೂಢಿ. ಅಕ್ಕನ ರೊಟ್ಟಿಯೋ ಹಂಚಿಗೆ ಬೀಳುವ ಮೊದಲೇ ಹರಿಯುತ್ತಿತ್ತು. ಅದಕ್ಕೆ ಅವ್ವ, ರೊಟ್ಟಿ ಸೀಮೆಯಾದ ಶಿಗ್ಗಾವಿ ಕಡೆಯಿಂದ ಸೊಸೆಯಾಗಿ ಬಂದಿದ್ದ ಪಕ್ಕದ ಮನೆಯಾಕೆಯನ್ನು ಹಿತ್ತಲ ಬಾಗಿಲಿನಿಂದ ಕರೆಸಿ ರೊಟ್ಟಿ ಮಾಡಿಸಿದಳು. ಅಕ್ಕನ ಮುಂಗೈಗೆ ಒಂದಿಷ್ಟು ಹಿಟ್ಟು ಸವರಿ, ತಾಟು ಕೊಟ್ಟು ಹೊರಗೆ ಕಳಿಸಿದಳು. ಬಂದವರು ಮೆಚ್ಚಿ ಉಂಡರು. ಮದುವೆಯಾದ ವಾರದಲ್ಲೇ ಗುಟ್ಟು ರಟ್ಟಾಯಿತು.

ಅವರೇನು ಕಡಿಮೆಯಿರಲಿಲ್ಲ. ವರನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಅಂದು ಬಲಗಿವಿ ನಮ್ಮ ಕಡೆಗೆ ಬರುವಂತೆ ಮೂಲೆಯಲ್ಲಿ ಕೂಡ್ರಿಸಿದ್ದರು. ಅಕ್ಕ ಆಮೇಲೆ ಕೇಳಿದ್ದಕ್ಕೆ ಅತ್ತೆ, "ಅದೇನ ದೊಡ್ಡ ಮಾತು, ಹೊಂದಕೊಂಡು ಹೋಗು" ಎಂದರು. ರೊಟ್ಟಿಯಾದರೆ ಮೋಸ, ಕಿವಿಯಾದರೆ ಹೊಂದಾಣಿಕೆ. ಈ ಲೆಕ್ಕವನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಹೋದ ವರ್ಷ ಅಕ್ಕನ ಮಗಳನ್ನು ನೋಡಲು ಹಿರೇಕೆರೂರಿನಿಂದ ಬಂದರು. ನಾನೂ ಹೋಗಿದ್ದೆ. ಡಿಗ್ರಿ ಮುಗಿಸಿದ ಹುಡುಗಿ, ಒಲೆಯ ಹತ್ತಿರ ಸುಳಿದವಳಲ್ಲ. ಬೆಳಿಗ್ಗೆಯೇ ಅತ್ತೆ ಅಡುಗೆಮನೆಗೆ ಬಂದು ಅಕ್ಕನಿಗೆ ಹೇಳಿದರು: "ರೊಟ್ಟಿ ನೀ ಬಡಿ. ಕೇಳಿದ್ರ ಹುಡುಗಿ ಮಾಡ್ಯಾಳ ಅನ್ನು."

ಅಕ್ಕನ ಕೈ ಈಗ ಪಳಗಿದೆ. ಹಿಟ್ಟು ನಾದಿ ಬಡಿದಳು. ನಾಳೆ ಈ ಹುಡುಗಿಗೂ ಮೋಸಗಾರ್ತಿ ಎಂಬ ಹೆಸರು ಬೀಳುತ್ತದಲ್ಲ ಎಂದುಕೊಂಡೆ.

ಊಟಕ್ಕೆ ಕುಳಿತ ಹುಡುಗನ ತಾಯಿ ರೊಟ್ಟಿ ಮುರಿದು, "ಹುಡುಗಿ ಕೈ ಚಲೋ ಐತಿ" ಎಂದರು.

"ಆಕಿ ಮಾಡಿಲ್ರಿ, ನಾ ಮಾಡೇನಿ. ಆಕಿಗೆ ರೊಟ್ಟಿ ಬರಂಗಿಲ್ಲ," ಎಂದಳು ಅಕ್ಕ, ಪಲ್ಯ ನೀಡುತ್ತಲೇ.

ಬಂದವರು ಉಂಡು, ತಿಳಿಸುತ್ತೇವೆ ಎಂದು ಹೋದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅತ್ತೆ ಅಕ್ಕನ ಮೇಲೆ ತಿರುಗಿದರು. "ಮನಿ ಮರ್ಯಾದಿ ಕಳದಿ. ಕಡೀಗೂ ನಮಗ ಮೋಸಾನ ಮಾಡಿದಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೈಯೆತ್ತಿ ನನ್ನನ್ನು ತಡೆದಳು.

"ಹೌದ್ರಿ ಅತ್ತಿ, ಮಾಡೇನಿ," ಎಂದಳು. "ಇನ್ನೊಬ್ರು ಬಂದ್ರೂ ಇದನ್ನ ಮಾಡ್ತೇನಿ."