ಜಪಾನಿನ ಶಿಕ್ಷೆ, ನನ್ನ ಹೊಟ್ಟೆಕಿಚ್ಚು

ಇವತ್ತು ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದದ್ದೇ ಡುರಿಯನ್ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಎದುರಿಗೇ ‘ಡುರಿಯನ್ ತಂದರೆ ದಂಡ’ ಎಂಬ ಫಲಕ. ತಂದವರು ಯಾರೋ, ಮೂಗು ಮುಚ್ಚಿಕೊಂಡು ಕೆಳಗಿಳಿಯುವ ಶಿಕ್ಷೆ ಮಾತ್ರ ನಮಗೆಲ್ಲ. ತಕ್ಷಣ ಸಿಂಧು ನೆನಪಾದಳು.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಓದುವಾಗ ನಾನು, ಧಾರವಾಡದ ಸಿಂಧು, ಇನ್ನಿಬ್ಬರು ಹುಡುಗಿಯರು ಒಂದೇ ಮನೆಯಲ್ಲಿದ್ದೆವು. ಮೊದಮೊದಲು ಜಪಾನಿಗೆ ಹೋದ ಯುರೋಪಿನವರು ಅಲ್ಲಿನ ಕಾನೂನು, ಶಿಕ್ಷೆಗಳನ್ನು ಹೇಗೆ ಕಂಡರು ಎಂಬ ವಿಷಯವನ್ನು ಇತಿಹಾಸದ ಮೇಡಂ ಪ್ರಬಂಧಕ್ಕೆಂದು ಅವಳಿಗೆ ಕೊಟ್ಟರು. ನನಗೆ ಸಿಕ್ಕಿದ್ದು ರಬ್ಬರ್ ತೋಟಗಳ ಸುಂಕ. ನೀವೇ ಹೇಳಿ, ಊಟದ ಹೊತ್ತಿನಲ್ಲಿ ಸುಂಕದ ಕಥೆ ಯಾರಿಗೆ ಬೇಕು? ಅವಳ ಕಥೆಗಾದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಸಣ್ಣ ಕಳ್ಳತನಕ್ಕೂ ತಲೆ ಹೋಗುತ್ತಿತ್ತಂತೆ. ಒಬ್ಬನ ತಪ್ಪಿಗೆ ಅಕ್ಕಪಕ್ಕದ ಮನೆಯವರೂ ಹೊಣೆಯಂತೆ.

ಸಿಂಧು ಆ ಕಾನೂನನ್ನು ಅಡುಗೆಮನೆಗೂ ತಂದಳು. “ಒಬ್ಬಾಕಿ ಭಾಂಡೆ ತಿಕ್ಕಲಿಲ್ಲಂದ್ರ ನಾಲ್ಕೂ ಮಂದಿಗೆ ಚಹಾ ಬಂದ್!”

“ತಲೆ ಬೇಕಾದ್ರೆ ತಗೋಳೇ, ಟೀ ಬಿಡಲ್ಲ ಲಾ,” ಎಂದಳು ಬೆಂಗಳೂರಿನ ರಮ್ಯಾ, ಇಲ್ಲಿನವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ. ಎಲ್ಲರೂ ನಕ್ಕರು. ನಾನು ಕೋಣೆಗೆ ಹೋಗಿ ಡೈರಿ ತೆರೆದೆ. ದಿನಾಂಕ ಹಾಕಿ, ಅವಳು ಜನರನ್ನು ನಗಿಸಿದ್ದಕ್ಕೊಂದು, ಮೇಡಂ ಅವಳನ್ನು ಹೊಗಳಿದ್ದಕ್ಕೊಂದು ಗೀಟು ಎಳೆಯುವುದು ಆಗ ನನ್ನ ನಿತ್ಯಕರ್ಮ. ಸಂಧ್ಯಾವಂದನೆಗೂ ಅಷ್ಟು ನಿಷ್ಠೆ ಇರಲಾರದು.

ಪೆನಾಂಗ್‌ನ ವಿದ್ಯಾರ್ಥಿ ಸಮ್ಮೇಳನಕ್ಕೆ ನಮ್ಮ ತರಗತಿಯಿಂದ ಒಬ್ಬರಿಗೇ ಅವಕಾಶ. ಕೊನೆಗೆ ಉಳಿದವರು ನಾವಿಬ್ಬರೇ. ಆಯ್ಕೆಯ ಹಿಂದಿನ ಸಂಜೆ ಮಾಮಕ್ ಎಂಬ ತಮಿಳು ಮುಸ್ಲಿಮರ ತಿಂಡಿ ಅಂಗಡಿಯಲ್ಲಿ, ಪರೋಟಾದಂಥ ರೋಟಿ ಚನೈ ಮುರಿಯುತ್ತಾ ಸಿಂಧು ತನ್ನ ಪ್ರಬಂಧವನ್ನು ನನಗೆ ಓದಿ ಹೇಳಿದಳು. ಚೆನ್ನಾಗಿತ್ತು. ಅದೇ ನನ್ನ ಸಂಕಟ. ಅವಳ ಧೈರ್ಯ ಕುಗ್ಗಲಿ ಎಂದೇ ಕೇಳಿದೆ: “ಅಲ್ವೇ, ಆ ಯುರೋಪಿನವರ ಊರಲ್ಲೂ ಚಿಲ್ಲರೆ ಕಳ್ಳತನಕ್ಕೆ ನೇಣು ಹಾಕ್ತಿದ್ರು. ಮತ್ತೆ ಜಪಾನ್ ನೋಡಿ ಯಾಕಷ್ಟು ಬೆರಗು?”

ಅವಳು ರೋಟಿ ಕೆಳಗಿಟ್ಟಳು. ಗೆದ್ದೆ ಅಂದುಕೊಂಡೆ.

“ಹೌದಲ್ಲ! ನೇಣು ಹಾಕಿದ್ರೂ ಅಲ್ಲೆ ಕಳ್ಳರು ಕಮ್ಮಿ ಆಗಲಿಲ್ಲ. ಜಪಾನಿಗೆ ಬಂದು ನೋಡಿದ್ರ, ಕಳ್ಳರ ಕಾಟನ ಇಲ್ಲ ಅಂತ ಬರದಾರ. ಅದು ಬೆರಗಲ್ಲವಾ, ಹೊಟ್ಟಿಕಿಚ್ಚು! ಅದಕ್ಕ ಅಷ್ಟು ಸಣ್ಣಸಣ್ಣದೂ ಬರಕೊಂಡಾರ. ಹೊಟ್ಟಿಕಿಚ್ಚಿನವರ ಕಣ್ಣು ಭಾಳ ಚುರುಕು.”

ಅವಳು ಅಲ್ಲೇ ಪೆನ್ನು ಕೇಳಿ, ನನ್ನ ಪೆನ್ನಿನಿಂದಲೇ, ಪ್ರಬಂಧದ ಕೊನೆಯ ಪುಟವನ್ನು ಹೊಸದಾಗಿ ಬರೆದಳು. ಆ ಪುಟವನ್ನೇ ಮೇಡಂ ಹೆಚ್ಚು ಮೆಚ್ಚಿದರು. ಪೆನಾಂಗ್‌ಗೆ ಹೋದವಳು ಸಿಂಧು.

ಲಿಫ್ಟಿನಿಂದ ಹೊರಬಂದು ಅವಳಿಗೊಂದು ಮೆಸೇಜ್ ಹಾಕಿದೆ. ಕೂಡಲೇ ಉತ್ತರ ಬಂತು: ಹೆಚ್ಚಿನ ಓದಿಗೆ ಜಪಾನಿಗೇ ಹೊರಟಿದ್ದಾಳಂತೆ. ಇನ್ನೊಂದು ಗೀಟು ಎಳೆಯಬೇಕು ಅನ್ನಿಸಿತು. ಈ ಸಲ ಡೈರಿಯವರೆಗೆ ಕಾಯಲಿಲ್ಲ.

“ತುಂಬಾ ಹೊಟ್ಟೆಕಿಚ್ಚಾಗ್ತಿದೆ ಕಣೇ,” ಎಂದು ಅವಳಿಗೇ ಬರೆದೆ.

“ಗೊತ್ತೈತಿ ಬಿಡು, ಮೊದಲಿಂದನೂ,” ಎಂದಳು. “ಹೊಸಾ ಪ್ರಬಂಧ ಒಂದು ಬರದೇನಿ, ಕಳಸ್ಲೇನು? ನಿನ್ನಂಗ ತಪ್ಪು ಹುಡುಕವರು ಇನ್ನೂ ಯಾರೂ ಸಿಕ್ಕಿಲ್ಲ.”

ಆಫೀಸಿಗೆ ತಡವಾಗುತ್ತಿತ್ತು. “ಕಳಿಸು,” ಎಂದೆ.