ಹಡಗಿನಲ್ಲಿ ಟವೆಲ್ ಆನೆಯ ಮಧ್ಯಸ್ಥಿಕೆ

ಐದೂವರೆಗೆ ಎದ್ದೆ. ಹಾಸಿಗೆ ಮಡಿಸಿದೆ. ಅದಕ್ಕೆ ಇಲ್ಲಿ ಬೇರೆ ಜನ ಇದ್ದಾರೆಂದು ಆಮೇಲೆ ನೆನಪಾಯಿತು. ಎರಡು ಕರವಸ್ತ್ರ, ಒಂದು ರವಿಕೆ ಒಗೆದು ಬಚ್ಚಲಿನ ಹಗ್ಗದ ಮೇಲೆ ಹರವಿದೆ. ಎದುರಿನ ಕೋಣೆಯ ಬಾಗಿಲು ಬಡಿದು ಗಂಡನಿಗೆ ಬಿ.ಪಿ. ಮಾತ್ರೆ ಕೊಟ್ಟೆ. ಮೇಲಿನ ಡೆಕ್ಕಿನಲ್ಲಿ ಆರು ಸುತ್ತು ನಡೆದೆ. ಕೆಳಗಿಳಿದು ಸೀರೆಯ ಫಾಲ್ ಬಿಚ್ಚಿದ್ದಲ್ಲಿ ನಾಲ್ಕು ಹೊಲಿಗೆ ಹಾಕಿದೆ. ಇಷ್ಟೆಲ್ಲ ಮಾಡಿದರೂ ಗಂಟೆ ಇನ್ನೂ ಎಂಟಾಗಿರಲಿಲ್ಲ. ಮಲ್ಲಾಪುರದ ಮನೆಯಲ್ಲಾದರೆ ಕಾಯಿ ತುರಿಯುವುದರಲ್ಲೇ ಬೆಳಗು ಕಳೆಯುತ್ತದೆ. ಹಡಗಿನಲ್ಲಿ ಕೆಲಸ ಹುಡುಕಿಕೊಂಡು ಮಾಡಬೇಕು.

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೊರಟ ಹಡಗು. ಅಂದು ಎರಡನೆಯ ದಿನ. ಇಡೀ ದಿನ ನೀರೇ ಎಂದು ಮೊದಲೇ ಹೇಳಿದ್ದರು. ಕಾರವಾರ, ಅಂಕೋಲೆಯವರಿಗೆ ಸಮುದ್ರ ಹೊಸತಲ್ಲ, ನಿಜ. ಆದರೆ ನಮಗೆ ಸಮುದ್ರವೆಂದರೆ ಪಡುವಣ ದಿಕ್ಕು. ಇಲ್ಲಿ ನೋಡಿದರೆ ನಾಲ್ಕೂ ಕಡೆ ಪಡುವಣ. ಸೂರ್ಯ ನೀರಿನಿಂದಲೇ ಎದ್ದು ಬರುವುದನ್ನು ಕಂಡು, ಯಾರೋ ತಪ್ಪು ಬಾಗಿಲಿನಿಂದ ಮನೆಯೊಳಗೆ ಬಂದಂತೆ ಅನಿಸಿತು.

ನಾವು ನಾಲ್ಕು ಜನ. ಕಾರವಾರ ಕಡೆಯ ಮಲ್ಲಾಪುರದಲ್ಲಿ ನೌಕರಿ ಮಾಡಿ ನಿವೃತ್ತನಾದ ನನ್ನ ಗಂಡ, ನಾನು, ಅಂಕೋಲೆಯ ಮೂಲಮನೆಯಲ್ಲಿ ಗದ್ದೆ ನೋಡಿಕೊಂಡಿರುವ ಮೈದುನ, ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ಇಸ್ಪೀಟು ಆಡಲು ಅನುಕೂಲವೆಂದು ಅಣ್ಣತಮ್ಮ ಒಂದು ಕೋಣೆ ಹಿಡಿದರು, ನಮ್ಮಿಬ್ಬರನ್ನು ಇನ್ನೊಂದಕ್ಕೆ ಹಾಕಿದರು. ನಾನೂ ಅವಳೂ ಎಂಟು ತಿಂಗಳಿಂದ ಮಾತು ಬಿಟ್ಟವರು ಎಂಬುದು ಇಬ್ಬರಿಗೂ ಗೊತ್ತಿತ್ತು.

"ಸುತ್ತ ನೀರು. ಎಲ್ಲಿಗೆ ಓಡಿ ಹೋಗ್ತ್ರಿ ನೋಡ್ವ" ಎಂದು ನನ್ನ ಗಂಡ ನಕ್ಕಿದ್ದ.

ಮಾತು ಬಿಟ್ಟದ್ದು ಮಾವಿನಹಣ್ಣಿಗೆ. ಅಂಕೋಲೆಯ ಮನೆಯ ಇಶಾಡು ಮಾವಿನ ಮರಕ್ಕೆ ಅವಳೇ ಯಜಮಾನಿ. ಪ್ರತಿ ಬೇಸಿಗೆ ನಮಗೊಂದು ಬುಟ್ಟಿ ಕಳಿಸುತ್ತಾಳೆ. ಹೋದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ಕೂತು, "ಈ ಸಲ ನಮ್ಮನೆ ಇಶಾಡು ಸ್ವಲ್ಪ ಹುಳಿ" ಎಂದುಬಿಟ್ಟೆ. ಆ ಮಾತು ಅವಳ ಕಿವಿಗೆ ಬೀಳುವಷ್ಟರಲ್ಲಿ "ಸ್ವಲ್ಪ" ಎಲ್ಲೋ ಉದುರಿ ಹೋಗಿತ್ತು.

ಇದೆಲ್ಲ ತಾನಾಗಿ ಸರಿಹೋಗುತ್ತದೆಂದು ಸುಮ್ಮನಿದ್ದೆ. ಅಷ್ಟರಲ್ಲಿ ಅವಳ ಮಗಳ ಮದುವೆ ನಿಶ್ಚಯವಾಯಿತು. ಆ ಹುಡುಗಿ ಆರು ವರ್ಷ ನಮ್ಮ ಕ್ವಾರ್ಟರ್ಸಿನಲ್ಲಿದ್ದು ಶಾಲೆ ಕಲಿತವಳು. ಅವಳ ಜಡೆ ಹೆಣೆದು ಹೆಣೆದು ನನ್ನ ಬೆರಳಿಗೆ ಅದೇ ಅಭ್ಯಾಸವಾಗಿತ್ತು. ಕಾರ್ಡೇನೋ ಮೈದುನನ ಕೈಯಲ್ಲಿ ಬಂತು. ಆದರೆ ಕಾರ್ಡು ಊರವರಿಗೆ. ಸ್ವಂತದವರನ್ನು ಮನೆಯ ಹೆಂಗಸು ಕುಂಕುಮ ಹಚ್ಚಿ, ಮುಖ ನೋಡಿ, ಬಾಯಿ ಬಿಟ್ಟು ಕರೆಯಬೇಕು. ಹಾಗೆ ಕರೆಯದಿದ್ದರೆ ದೊಡ್ಡಾಯಿ, ಅಂದರೆ ದೊಡ್ಡಮ್ಮ, ಎನಿಸಿಕೊಂಡವಳು ಚಪ್ಪರದಲ್ಲಿ ನಿಂತರೂ ಹೊರಗಿನವಳೇ. ಮದುವೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ.

ನಮ್ಮ ಕಡೆ ಮಾತು ಬಿಟ್ಟ ಹೆಂಗಸರು ಪೂರಾ ಮೂಕರಾಗುವುದಿಲ್ಲ. ಹೇಳುವುದನ್ನು ಬೆಕ್ಕಿಗೋ ಒಲೆಗೋ ಹೇಳುತ್ತಾರೆ. ಹಡಗಿನ ಕೋಣೆಯಲ್ಲಿ ಬೆಕ್ಕೆಲ್ಲಿಂದ ಬರಬೇಕು? ಮೊದಲ ಸಂಜೆ ಬಾಗಿಲು ತೆರೆದರೆ ಮಂಚದ ಮೇಲೊಂದು ಬಿಳಿ ಆನೆ! ಕೋಣೆ ನೋಡಿಕೊಳ್ಳುವ ಹೆಂಗಸು ಟವೆಲಿನಿಂದ ಮಡಿಸಿಟ್ಟು ಹೋಗಿದ್ದಳು. ವಾರಗಿತ್ತಿ ಅದನ್ನೊಮ್ಮೆ ನೋಡಿದಳು, ನಿಧಾನಕ್ಕೆ ಕೂತಳು.

"ಆನೆಪ್ಪಾ, ಏಸಿ ಕಡಿಮೆ ಮಾಡ್ಲಿಕ್ಕೆ ಹೇಳು. ಕಾಲು ಸೆಟೀತದೆ."

"ಆನೆಪ್ಪಾ, ಕಾಲುಚೀಲ ಕಪಾಟಿನಲ್ಲಿ ಅದೆ ಅಂತ ಹೇಳು" ಎಂದೆ ನಾನು.

ಆ ಹೊತ್ತಿನಿಂದ ಆನೆಗೆ ಬಿಡುವೇ ಇರಲಿಲ್ಲ.

ಎರಡನೆಯ ದಿನ ತಿಂಡಿಯಾದ ಮೇಲೆ ಗಂಡಸರು ಇಸ್ಪೀಟಿಗೆ ಹೋದರು. ವಾರಗಿತ್ತಿ ಚೀಲದಿಂದ ಕುಂಕುಮದ ಭರಣಿ ತೆಗೆದಳು. ಅದನ್ನು ಅಂಕೋಲೆಯಿಂದಲೇ ಹೊತ್ತು ತಂದಿದ್ದಾಳೆಂದು ಆಗ ಗೊತ್ತಾಯಿತು. ನಾನು ಹಣೆಯ ಕೂದಲು ಹಿಂದೆ ಸರಿಸಿಕೊಂಡೆ. ಅವಳು ಮಾತ್ರ ಆನೆಯ ಕಡೆಗೇ ತಿರುಗಿದಳು.

"ಆನೆಪ್ಪಾ, ಮದುವೆಗೆ ಮನೆ ಮಂದಿಯೆಲ್ಲ ನಾಲ್ಕು ದಿವ್ಸ ಮೊದ್ಲೇ ಬರ್ಬೇಕು ಅಂತ ಹೇಳು."

ನಾನು ಬಿಡಲಿಲ್ಲ. "ಆನೆಗೆ ಕರೆ ಕೊಟ್ರೆ ಆನೆಯೇ ಮದುವೆಗೆ ಹೋಗ್ತದೆ ಅಂತ ಹೇಳು."

"ಹೋಗ್ಲಿ! ಆನೆಯಾದ್ರೂ ಕೊಟ್ಟ ಹಣ್ಣು ತಿಂದು ಸುಮ್ಮನಿರ್ತದೆ. ಪಂಕ್ತಿಯಲ್ಲಿ ಕೂತು ಹುಳಿ ಅನ್ನೂದಿಲ್ಲ. ಮತ್ತೂ ಹೇಳು ಆನೆಪ್ಪಾ, ಹುಡುಗಿ ದಿನಾ ಫೋನ್ ಮಾಡಿ..."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೋಣೆಯ ಹೆಂಗಸು "ನಮಸ್ತೇ ಆಂಟೀಜಿ" ಎನ್ನುತ್ತ ಒಳಬಂದಳು. ಹಾಸಿಗೆ ಎಳೆದು ಸರಿಮಾಡಿದಳು, ಬಚ್ಚಲು ಒರೆಸಿದಳು, ಕೊನೆಗೆ ಆನೆಯ ಸೊಂಡಿಲು ಹಿಡಿದು ಒಮ್ಮೆ ಕೊಡವಿದಳು. ಆನೆ ಟವೆಲಾಗಿ ಮೈಲಿಗೆಯ ಚೀಲ ಸೇರಿತು. ಸಂಜೆ ಹಂಸ ಮಾಡಿಕೊಡುತ್ತೇನೆಂದು ಹಿಂದಿಯಲ್ಲಿ ಹೇಳಿ, ಬಾಗಿಲೆಳೆದುಕೊಂಡು ಹೋದಳು.

ವಾರಗಿತ್ತಿಯ ತೆರೆದ ಬಾಯಿ ಹಾಗೇ ಇತ್ತು. ಮಂಚದ ಖಾಲಿ ಜಾಗ ನೋಡಿದಳು, ಗೋಡೆ ನೋಡಿದಳು, ಕಡೆಗೆ ಬೇರೆ ದಾರಿಯಿಲ್ಲದೆ ನನ್ನನ್ನು ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ.

"ನಗಾಡ್ಬೇಡ ಅಕ್ಕಾ. ಹಂಸ ಬರೂ ತನಕ ಕಾಯೂಕೆ ನಂಗೆ ಆಗೂದಿಲ್ಲ. ನೀ ಹಾಗೆ ಅಂದದ್ದು ಹೌದಾ ಅಲ್ಲಾ?"

ಎಂಟು ತಿಂಗಳು ನಾನು ತಪ್ಪಿಸಿಕೊಂಡಿದ್ದ ಪ್ರಶ್ನೆ. "ಹೌದು, ಅಂದೆ" ಎಂದೆ. "ಹಣ್ಣು ಹುಳಿಯೂ ಇತ್ತು."

"ಇತ್ತು. ನಂಗೆ ಗೊತ್ತಿಲ್ವಾ? ಮಳೆ ಬೀಳ್ತದೆ ಅಂತ ಹೆದರಿ ಎಂಟು ದಿವ್ಸ ಮೊದ್ಲೇ ಕೊಯ್ಸಿದ್ದೆ. ಅದನ್ನ ನಂಗೇ ಹೇಳೂಕೆ ಎಂತ ಆಗಿತ್ತು ನಿಂಗೆ? ಊರಿಗೆಲ್ಲ ಹೇಳೂದಾ?"

"ನಿಂಗೇ ಹೇಳ್ಬೇಕಿತ್ತು. ತಪ್ಪಾಯ್ತು ತಂಗಿ."

ಅವಳು ಭರಣಿಯ ಮುಚ್ಚಳ ತಿರುಗಿಸಿ ತೆಗೆದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಬಂದಳು. ಕುಂಕುಮ ಹಚ್ಚುವಾಗಲೇ ಹಡಗು ಒಂಚೂರು ವಾಲಿ, ಹಣೆಯ ಬೊಟ್ಟು ಮೂಗಿನ ತನಕ ಇಳಿಯಿತು.

"ನೀ ಬರ್ಬೇಕು ಅಕ್ಕಾ. ದೊಡ್ಡಾಯಿ ಜಡೆ ಹಾಕ್ದೇ ಇದ್ರೆ ಮಂಟಪ ಹತ್ತೂದಿಲ್ಲ ಅಂತ ಹಟ ಹಿಡ್ದು ಕೂತದೆ ನಿನ್ನ ಮಗಳು."

ನಿನ್ನ ಮಗಳು ಎಂದದ್ದು ಕೇಳಿ ಬೆರಳಲ್ಲೇ ದಿನ ಎಣಿಸಿದೆ. "ನಾಲ್ಕಲ್ಲ, ಎಂಟು ದಿವ್ಸ ಮೊದ್ಲೇ ಬರ್ತೆ" ಎಂದೆ.

ಊಟದ ಮೇಜಿನಲ್ಲಿ ನನ್ನ ಕೆಂಪು ಮೂಗು ನೋಡಿ ಗಂಡ ಹುಬ್ಬು ಹಾರಿಸಿದ. ಮೈದುನ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ತಟ್ಟೆಯೊಳಗೆ ಮುಖವಿಟ್ಟು ನಕ್ಕರು. ಅನ್ನ, ತೊವ್ವೆ, ಬೀನ್ಸ್ ಪಲ್ಯ, ಹಪ್ಪಳ, ಮುಳ್ಳಿಲ್ಲದ ಮೀನಿನ ಎರಡೆರಡು ತುಂಡು. "ಇದಕ್ಕೆ ಮೀನು ಅಂತ ಹೆಸರಿಟ್ಟವ ಯಾರು?" ಎನ್ನುತ್ತಲೇ ವಾರಗಿತ್ತಿ ನನ್ನ ಪಾಲಿನ ತುಂಡನ್ನೂ ತಿಂದಳು. ಕೊನೆಗೆ ಕಲ್ಲಂಗಡಿ, ಐಸ್‌ಕ್ರೀಂ.

ಕೋಣೆಗೆ ಬಂದು ಅಡ್ಡಾದೆವು. ಇನ್ನು ಯಾರ್ಯಾರನ್ನು ಕರೆಯಲು ಬಾಕಿ ಎಂದು ಮನೆಮನೆ ಲೆಕ್ಕ ಹಾಕತೊಡಗಿದೆವು. ಕಿನ್ನರ ಊರಿನಲ್ಲಿ ಮೂರು ಮನೆ ಎಂದಳು. ಹಣಕೋಣದವರು ಎಷ್ಟು ಎಂದು ನಾನು ಕೇಳಿ ಪಕ್ಕಕ್ಕೆ ನೋಡಿದರೆ, ಅವಳಿಗಾಗಲೇ ನಿದ್ದೆ.